ಕರಿ ಹರಿದ ಕೊರಿಯಾ ಗಾಡಿ

ಸಾಲೋಟಗಿಯ ನಿಂಬೆ ವ್ಯಾಪಾರಿ ಖಂಡೆಪ್ಪ ಕೊರಿಯಾದವರ ಕಾರು ಕೊಂಡದ್ದು ಎರಡು ಕಾರಣಕ್ಕೆ. ಒಂದು, ತಲೆಯ ಮೇಲಿನ ರುಮಾಲು ತೆಗೆಯದೆ ಅದರೊಳಗೆ ಕೂಡಬಹುದಿತ್ತು. ಇನ್ನೊಂದು, ಅಕ್ಕ ರೇವವ್ವನನ್ನು ಅದರಲ್ಲಿ ಕೂಡಿಸಿಕೊಂಡು ಇಂಡಿ, ಸಿಂದಗಿ, ಮುದ್ದೇಬಿಹಾಳ ಎಲ್ಲ ಸುತ್ತಿಸಿ ತರಬೇಕೆಂಬ ಹಂಬಲ. ಮೊದಲನೆಯದು ಹುಬ್ಬಳ್ಳಿಯ ಶೋರೂಮಿನಲ್ಲೇ ಕೈಗೂಡಿತು. ಎರಡನೆಯದಕ್ಕೆ ಆರು ತಿಂಗಳಿಂದ ಹೆಣಗುತ್ತಿದ್ದ. ಅಕ್ಕ ಇನ್ನೂ ಆ ಕಾರಿನ ಬಾಗಿಲಿಗೆ ಕೈ ಕೂಡ ಹಚ್ಚಿರಲಿಲ್ಲ.

ಎರಡು ಸಾವಿರದ ಇಸವಿ. ಕೊರಿಯಾದ ಕಂಪನಿ ನಮ್ಮ ಕಡೆಯ ರಸ್ತೆಗೆ ಬಂದು ಬಹಳ ದಿನವಾಗಿರಲಿಲ್ಲ. ಅದರ ಹೆಸರನ್ನು ಇಂಡಿಯಲ್ಲಿ ನಾಲ್ಕು ಜನ ನಾಲ್ಕು ತರಹ ಹೇಳಿ, ಜಗಳಾಡಿ, ಕೊನೆಗೆ ರಾಜಿಯಾಗಿ ‘ಕೊರಿಯಾ ಗಾಡಿ’ ಎಂದು ಇಟ್ಟುಕೊಂಡಿದ್ದರು. ಖಂಡೆಪ್ಪನದು ನಿಂಬೆಹಣ್ಣಿನ ಬಣ್ಣದ್ದು. ಉದ್ದ ಕಡಿಮೆ, ಎತ್ತರ ಜಾಸ್ತಿ. ದೂರದಿಂದ ನೋಡಿದರೆ ತಾಟಿನ ಮೇಲೆ ಚರಿಗೆ ಬೋರಲಿಟ್ಟ ಹಾಗೆ ಕಾಣುತ್ತಿತ್ತು. ಅದು ಬಸ್ ಸ್ಟ್ಯಾಂಡಿನ ಮುಂದೆ ಹಾದುಹೋದರೆ ಚಹಾ ಕುಡಿಯುವವರು ಬಸಿ ಕೆಳಗಿಟ್ಟು ನಗುತ್ತಿದ್ದರು.

ಕೊರಿಯಾ ಎಲ್ಲಿದೆ ಎಂದು ಒಬ್ಬರಿಗೂ ಗೊತ್ತಿರಲಿಲ್ಲ, ಆದರೆ ಅಲ್ಲಿಯ ಗಾಡಿ ಬಾಳಿಕೆ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ನಮ್ಮ ಜನವೇ ಹಾಗೆ. ಎಲ್ಲರಿಗಿಂತ ಹೆಚ್ಚು ಸಿಟ್ಟಿದ್ದದ್ದು ಇಂಡಿಯ ಮೆಕ್ಯಾನಿಕ್ ಇಬ್ರಾಹಿಂಸಾಬನಿಗೆ. ಮೂವತ್ತು ವರ್ಷದಿಂದ ಊರಿನ ಜೀಪು, ಟ್ರ್ಯಾಕ್ಸು ಎಲ್ಲವೂ ವಾರಕ್ಕೊಮ್ಮೆ ಅವನ ಅಂಗಡಿಗೆ ಬಂದು ಹೊಟ್ಟೆ ತೆರೆದು ಮಲಗುತ್ತಿದ್ದವು. ಈ ಹಳದಿ ಗಾಡಿ ಮಾತ್ರ ಬರಲೇ ಇಲ್ಲ.

“ಖಂಡೆಪ್ಪಾರ, ಆರು ತಿಂಗಳಾತು, ಒಂದ್ ನಟ್ಟು ಸಡಲ ಆಗಿಲ್ಲ ಅಂತೀರಿ,” ಎಂದು ಅವನು ಒಮ್ಮೆ ರಸ್ತೆಗೇ ಅಡ್ಡ ನಿಂತು ಬಾನೆಟ್ ತೆರೆಸಿದ. ಒಳಗೆಲ್ಲ ಇಣುಕಿ, ಮೂಸಿ, ತಲೆ ಅಲ್ಲಾಡಿಸಿದ. “ಇದರಾಗ ಏನೋ ಮೋಸ ಐತ್ರಿ. ಗಾಡಿ ಅಂದಮ್ಯಾಲ ಕೆಡಬೇಕ್ರಿ!”

ಖಂಡೆಪ್ಪನಿಗೆ ಸಮಾಧಾನ ಹೇಳುವವರು ಒಬ್ಬರೇ, ಮುದ್ದೇಬಿಹಾಳದ ಕಾಲೇಜಿನ ಪರಮಾನಂದ ಮಾಸ್ತರರು. ಅವರದೂ ಅದೇ ಗಾಡಿ, ಬಣ್ಣ ಮಾತ್ರ ನೀಲಿ. ಇಬ್ಬರೂ ರಸ್ತೆಯಲ್ಲಿ ಎದುರಾದರೆ ನಡುರಸ್ತೆಯಲ್ಲೇ ಕಿಟಕಿಗೆ ಕಿಟಕಿ ಹಚ್ಚಿ ನಿಲ್ಲಿಸುತ್ತಿದ್ದರು. ಕ್ಷೇಮ ಸಮಾಚಾರವೆಲ್ಲ ಆಮೇಲೆ.

“ನಿಮ್ಮದು ಲೀಟರಿಗೆ ಎಷ್ಟ್ ಕೊಡತೈತ್ರಿ?”

“ಹದಿನಾರ್ರಿ.”

“ನಂದು ಹದಿನೇಳ್ರಿ.”

ಇಬ್ಬರೂ ಒಂದೆರಡು ಕಿಲೋಮೀಟರ್ ಸೇರಿಸಿಯೇ ಹೇಳುತ್ತಿದ್ದರು, ಮತ್ತು ಇಬ್ಬರಿಗೂ ಅದು ಗೊತ್ತಿತ್ತು. ಹಿಂದೆ ಬಸ್ಸಿನವನು ಹಾರ್ನ್ ಒತ್ತಿ ಒತ್ತಿ ಸುಸ್ತಾಗುತ್ತಿದ್ದ.

ಆದರೆ ಅಕ್ಕನ ಮುಂದೆ ಹದಿನಾರೂ ನಡೆಯಲಿಲ್ಲ, ಹದಿನೇಳೂ ನಡೆಯಲಿಲ್ಲ. ರೇವವ್ವನನ್ನು ಕೊಟ್ಟದ್ದು ಬಸವನ ಬಾಗೇವಾಡಿಯಿಂದ ಮೂರು ಮೈಲಿ ದೂರದ ಹಳ್ಳಿಗೆ. ಎತ್ತುಗಳಿಗೆ ಹೆಸರಾದ ಮನೆತನ. ಹಲ್ಲು ನೋಡಿ, ಸುಳಿ ನೋಡಿ, ಬಾಲದ ಕೂದಲು ಎಣಿಸಿ ಎತ್ತು ಕೊಳ್ಳುವ ಹೆಂಗಸು ಅವಳು. ಗಂಡ ತೀರಿಹೋದ ಮೇಲೂ ಕೊಟ್ಟಿಗೆಯ ಕಾರುಬಾರು ಅವಳದೇ. ಕಾರು ತಂದ ದಿನ ಅದರ ಸುತ್ತ ಒಂದು ಸಲ ತಿರುಗಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಯಾವ ಊರಿಂದ?”

“ಕೊರಿಯಾ ಅಂತ ದೇಶ ಐತಿ ಅಕ್ಕಾ. ಕಟ್ಟೂದೆಲ್ಲ ನಮ್ಮ ಮದ್ರಾಸಿನ ಕಡೆ.”

“ಆ ಊರಿಗೆ ನಾವು ಹೆಣ್ಣ ಕೊಟ್ಟೇವೇನು? ಅಲ್ಲಿಂದ ತಂದೇವೇನು? ಗುರುತಿಲ್ಲದ ಊರಿನ ಎತ್ತ ನಾ ಕೊಟ್ಟಿಗಿಗೆ ಕಟ್ಟೂದಿಲ್ಲ. ನೀ ಗಾಡಿನ ತಂದಿ. ನಾ ಕುಂದ್ರೂದಿಲ್ಲ ತಗಿ.”

ಹಟಕ್ಕೆ ಬಿದ್ದರೆ ರೇವವ್ವನನ್ನು ಅಲ್ಲಾಡಿಸುವವರು ಯಾರೂ ಇಲ್ಲ. ಖಂಡೆಪ್ಪನಿಗೆ ಇದು ಎಲ್ಲರ ನಗೆಗಿಂತ ಹೆಚ್ಚು ಚುಚ್ಚಿತು. ಅವನಿಗೆ ಮೂರು ವರ್ಷವಿದ್ದಾಗ ತಾಯಿ ತೀರಿಕೊಂಡಿದ್ದಳು. ಮರುವರ್ಷ ಮದುವೆಯಾಗಿ ಗಂಡನ ಮನೆಗೆ ಹೊರಟ ಹದಿನಾಲ್ಕರ ಅಕ್ಕ, ಬೀಗರು ಏನಂದಾರೋ ಎಂದು ನೋಡದೆ ತಮ್ಮನನ್ನು ಚಕ್ಕಡಿಯಲ್ಲಿ ಮಡಿಲಿಗೆ ಹಾಕಿಕೊಂಡೇ ಹೊರಟಿದ್ದಳು. ಅವಳ ಕೈ ತುತ್ತು ತಿಂದು ಬೆಳೆದವನು ಅವನು. ಅಂಥ ಅಕ್ಕ ಈಗಲೂ ಕೆಂಪು ಬಸ್ಸಿನಲ್ಲಿ ಜೋತುಬಿದ್ದು ಬರುತ್ತಿದ್ದಳು.

ಕೊನೆಗೆ ಒಂದು ಉಪಾಯ ಹೊಳೆಯಿತು. ಬಸುರಿ ಮಗಳು ದಾನೇಶ್ವರಿಯ ಕುಬಸ, ಅಂದರೆ ಸೀಮಂತ, ಮಾಡುವುದಿತ್ತು. ಸೋದರತ್ತೆ ಬಾರದೆ ಕುಬಸವಿಲ್ಲ. ಅದನ್ನು ಬೇಕೆಂದೇ ಕಾರ ಹುಣ್ಣಿಮೆಯ ಮರುದಿನಕ್ಕೆ ಇಟ್ಟುಕೊಂಡ. ಎತ್ತುಗಳ ಹಬ್ಬ ಬಿಟ್ಟು ಅಕ್ಕ ಮೊದಲೇ ಹೊರಡುವವಳಲ್ಲ. ಹುಣ್ಣಿಮೆಯ ಮಧ್ಯಾಹ್ನದ ಮೇಲೆ ಆ ಹಳ್ಳಿಗೆ ಬಸ್ಸಿಲ್ಲ. ಮರುದಿನ ಬೆಳಗಿನ ಬಸ್ಸು ಬರುವ ಹೊತ್ತಿಗೆ ಕುಬಸದ ಮುಹೂರ್ತ ಮೀರಿರುತ್ತದೆ. ಅಕ್ಕ ಎಲ್ಲಿಗೆ ಹೋದಾಳು? ಈ ಲೆಕ್ಕಾಚಾರಕ್ಕೆ ತನ್ನ ಬೆನ್ನು ತಾನೇ ತಟ್ಟಿಕೊಂಡು, ಸಿಳ್ಳೆ ಹಾಕುತ್ತ ಸಿಂದಗಿ ದಾರಿ ಹಿಡಿದ.

ಸಿಂದಗಿಯ ಹೊರಗೆ ನೀಲಿ ಗಾಡಿ ಎದುರಾಯಿತು. ಪರಮಾನಂದ ಮಾಸ್ತರರು ಅಂದು ಹದಿನೆಂಟು ಎಂದುಬಿಟ್ಟರು. ಅಷ್ಟೇ, ಇಬ್ಬರೂ ಕೆಳಗಿಳಿದು, ಟಾಯರಿನ ಗಾಳಿಯಿಂದ ಹಿಡಿದು ಡ್ರೈವಿಂಗಿನ ತನಕ ವಾದ ಮಾಡುವಷ್ಟರಲ್ಲಿ ಒಂದು ತಾಸು ಕಳೆಯಿತು. ನಾಲ್ಕಕ್ಕೆ ಹಳ್ಳಿ ಸೇರಬೇಕಾದ ಖಂಡೆಪ್ಪ ಸೇರಿದ್ದು ಐದು ದಾಟಿದ ಮೇಲೆ. ಕಾರ ಹುಣ್ಣಿಮೆಯ ಐದು ಗಂಟೆ ಎಂದರೆ ಆ ಊರಲ್ಲಿ ಏನು ಸಮಯ ಎಂಬುದನ್ನು, ಅಲ್ಲೇ ಬೆಳೆದವನಾದರೂ, ಆ ಹದಿನೆಂಟರ ಸಿಟ್ಟಿನಲ್ಲಿ ಮರೆತುಬಿಟ್ಟಿದ್ದ.

ಅದು ಕರಿ ಹರಿಯುವ ಸಮಯ. ಊರ ಅಗಸಿಗೆ, ಅಂದರೆ ಹೆಬ್ಬಾಗಿಲಿಗೆ, ಅಡ್ಡಲಾಗಿ ಬೇವಿನ ತಪ್ಪಲು, ಕೊಬ್ಬರಿ ಬಟ್ಟಲು ಕಟ್ಟಿದ ಹಗ್ಗ ಬಿಗಿದಿರುತ್ತಾರೆ. ಅದೇ ಕರಿ. ಊರ ಹೊರಗಿನ ಹಣಮಪ್ಪನ ಗುಡಿಯಿಂದ ಎತ್ತುಗಳನ್ನು ಬಿಡುತ್ತಾರೆ. ಯಾವ ಎತ್ತು ಮೊದಲು ಓಡಿಬಂದು ಹಗ್ಗ ಹರಿಯುತ್ತದೋ, ಅದರ ಬಣ್ಣದ ಮೇಲೆ ವರ್ಷದ ಬೆಳೆ. ಬಿಳಿ ಎತ್ತಾದರೆ ಜೋಳ, ಹತ್ತಿ. ಕೆಂದು ಎತ್ತಾದರೆ ತೊಗರಿ, ಗೋಧಿ. ರೇವವ್ವನ ಎತ್ತು ‘ಕೆಂದ’ ಸತತ ನಾಲ್ಕು ವರ್ಷ ಕರಿ ಹರಿದಿತ್ತು. ಇದು ಐದನೆಯ ವರ್ಷ. ಮಗ ಕಲ್ಮೇಶ ಅದರ ಹಗ್ಗ ಹಿಡಿದು ಗುಡಿಯ ಮುಂದೆ ತಯಾರಾಗಿ ನಿಂತಿದ್ದ.

ಖಂಡೆಪ್ಪ ಬಣ್ಣ ಬಳಿದ ಕೋಡುಗಳ ನಡುವೆ ಕಾರು ನುಸುಳಿಸಿಕೊಂಡು, ಎಲ್ಲರಿಗೂ ಕೈ ಮುಗಿಯುತ್ತ, ಸಾಲಿನ ಮುಂದೆ ಬಂದ. ಅದೇ ಕ್ಷಣಕ್ಕೆ ಹಲಗೆ ಬಾರಿಸಿದರು, ಪಟಾಕಿ ಸಿಡಿಯಿತು, ಎತ್ತುಗಳನ್ನು ಬಿಟ್ಟರು.

ಕನ್ನಡಿಯಲ್ಲಿ ಖಂಡೆಪ್ಪನಿಗೆ ಕಂಡದ್ದು ಬರೀ ಕೋಡು. ಕೆಂಪು, ಹಸಿರು, ಗುಲಾಬಿ ಕೋಡು. ನಡುವೆ ಎಲ್ಲಕ್ಕಿಂತ ಮುಂದೆ ಕೆಂದನ ಮೂತಿ. ಎರಡೂ ಕಡೆ ಜನ, ಪಕ್ಕಕ್ಕೆ ಸರಿಯಲು ಜಾಗವಿಲ್ಲ. “ಯಪ್ಪಾ ಬಸವಣ್ಣಾ!” ಎಂದು ಕೂಗಿ ಆಕ್ಸಿಲರೇಟರ್ ಒತ್ತಿದ. ಬಡಪಾಯಿ ಗಾಡಿ, ಯಾರಿಂದಲೂ ಒಂದು ಒಳ್ಳೆಯ ಮಾತು ಕೇಳದ ಗಾಡಿ, ಅಂದು ಓಡಿದ್ದೇ ಓಡಿದ್ದು. ಕೆಂದನೂ ಬಿಡಲಿಲ್ಲ, ಡಿಕ್ಕಿಯ ಗಾಜಿಗೆ ಅದರ ಉಸಿರು ತಾಗುತ್ತಿತ್ತು. ಜನ ಸಿಳ್ಳೆ ಹಾಕಿದರು, ಟವೆಲ್ ಬೀಸಿದರು, ಯಾರೋ ಗುಲಾಲು ತೂರಿದರು. ಎದುರಿಗೆ ಅಗಸಿ ಬಂತು.

ಬೇರೆ ಯಾವ ಸಣ್ಣ ಕಾರಾಗಿದ್ದರೂ ಹಗ್ಗದ ಕೆಳಗೆ ನುಸುಳಿ ಹೋಗುತ್ತಿತ್ತು. ಎತ್ತಿನ ಕೋಡಿನ ಅಂದಾಜಿಗೆ ಕಟ್ಟಿದ ಹಗ್ಗ ಅದು. ಆದರೆ ಇದು ರುಮಾಲಿನ ಅಳತೆಗೆ ಕೊಂಡ ಗಾಡಿ. ಹಗ್ಗ ಸರಿಯಾಗಿ ಅದರ ನೆತ್ತಿಗೆ ಸಿಕ್ಕಿತು, ಬಿಗಿಯಿತು, ಫಟ್ಟನೆ ಹರಿಯಿತು. ಕೊಬ್ಬರಿ ಬಟ್ಟಲುಗಳು ಬಾನೆಟ್ಟಿನ ಮೇಲೆ ಉರುಳಿದವು.

ಗಾಡಿ ಚಾವಡಿಯ ಕಟ್ಟೆಯ ಬಳಿ ನಿಂತಿತು. ಊರಿಗೆ ಊರೇ ಅದರ ಸುತ್ತ ಮುತ್ತಿಕೊಂಡಿತು. ಎಲ್ಲರೂ ಒಟ್ಟಿಗೆ ಮಾತಾಡಿದರು.

ಕಟ್ಟೆಯ ಮೇಲೆ ಕೂತಿದ್ದ ರಾಚಪ್ಪಗೌಡರು ಊರಿನ ಹಿರಿಯರು, ಕರಿಯ ನಿಕಾಲು, ಅಂದರೆ ತೀರ್ಪು, ಹೇಳುವವರು. ಅವರು ಮೀಸೆಯ ಮೇಲಿನ ಗುಲಾಲು ಒರೆಸಿಕೊಂಡು ಗಂಭೀರವಾಗಿ ಕೇಳಿದರು: “ಯಾವುದು ಹರೀತು?”

“ಗಾಡಿ ಹರೀತ್ರಿ!”

“ಬಣ್ಣ?”

“ಹಳದಿ!”

ಗೌಡರು ಯೋಚನೆಗೆ ಬಿದ್ದರು. ಹಳದಿ ಎತ್ತು ಅವರ ಅಜ್ಜನ ಕಾಲದಲ್ಲೂ ಕರಿ ಹರಿದಿರಲಿಲ್ಲ. ಒಬ್ಬ ಕುಸುಬಿ ಎಂದ. ಇನ್ನೊಬ್ಬ, ಅಲ್ಲ, ಸೂರ್ಯಪಾನ, ಅಂದರೆ ಸೂರ್ಯಕಾಂತಿ ಎಂದ. ಕುಸುಬಿಯ ಕಡೆಯವರೂ ಸೂರ್ಯಪಾನದ ಕಡೆಯವರೂ ಅಂಗಿ ಹಿಡಿಯುವ ಹಂತಕ್ಕೆ ಬಂದಾಗ, ಹಿಂದಿನಿಂದ ಒಂದು ದನಿ ಎದ್ದಿತು.

“ಕುಸುಬಿನೋ ಸೂರ್ಯಪಾನನೋ, ನಮಗೇನ್ರಿ ಬಂತು? ಅದು ಪರಊರಿನ ಗಾಡಿ! ಕರಿ ಅವರು ಹರದ್ರ ಈ ವರ್ಷದ ಬೆಳಿ ಎಲ್ಲಾ ಸಾಲೋಟಗಿಗೆ ಹೋತು!”

ಅಂಗಿಗೆ ಹೋದ ಕೈಗಳು ಕೆಳಗಿಳಿದವು. ಅದು ತಮಾಷೆಯ ಮಾತಾಗಿರಲಿಲ್ಲ. ಬಿತ್ತನೆಗೆ ಎರೆಹೊಲ ಹದ ಮಾಡಿಟ್ಟುಕೊಂಡ ಜನ ಅವರು. ಖಂಡೆಪ್ಪ ಸೀಟಿನಲ್ಲಿ ಕುಗ್ಗಿಹೋದ. ಅಕ್ಕನ ಎತ್ತಿನ ಐದನೇ ವರ್ಷ ಹಾಳುಮಾಡಿದೆ, ಅಕ್ಕನ ಊರಿನ ಬೆಳೆ ಹೊತ್ತೊಯ್ದೆ, ಇನ್ನು ಗಾಡಿಯಲ್ಲಿ ಕೂಡುವುದಿರಲಿ, ತನ್ನ ಮುಖವನ್ನೂ ಅವಳು ನೋಡಲಾರಳು ಎಂದು ಅಳುವುದೊಂದು ಬಾಕಿ.

ಗುಂಪು ಸೀಳಿಕೊಂಡು ರೇವವ್ವ ಬಂದಳು. ಮೊದಲು ಕೆಂದನ ಹಣೆ ಸವರಿದಳು. ಆಮೇಲೆ ತಮ್ಮನತ್ತ ಒಂದು ನೋಟ ಬೀಸಿದಳು. ಅವನು ಕಣ್ಣು ಮುಚ್ಚಿಕೊಂಡ.

“ಯಾವಂವ ಅದು, ಪರಊರಿನ ಗಾಡಿ ಅಂದಂವ?” ಎಂದಳು ರೇವವ್ವ. “ಇದು ನನ್ನ ಗಾಡಿ! ನನ್ನ ತಮ್ಮ ನನಗ ತವರಿನ ಉಡುಗೊರಿ ತಂದಾನ. ನನ್ನ ಗಾಡಿ ಅಂದ್ರ ಈ ಊರಿನ ಗಾಡಿ. ಬೆಳಿ ಎಲ್ಲಿಗೂ ಹೋಗೂದಿಲ್ಲ!”

ಖಂಡೆಪ್ಪ ಒಂದು ಕಣ್ಣು ತೆರೆದ. ಗೌಡರು ಕಟ್ಟೆಯ ಮೇಲಿಂದ ಬಗ್ಗಿದರು.

“ರೇವವ್ವಾ, ಆರು ತಿಂಗಳಿಂದ ಅದರ ಬಾಗಲಾ ಮುಟ್ಟಿಲ್ಲ ನೀನು. ಊರಿಗೆಲ್ಲ ಗೊತ್ತೈತಿ. ಕರಿ ಹರದದ್ದರ ಜೋಡಿ ಒಡೆಯರು ಮೆರವಣಿಗಿ ಹೋಗೂದು ಪದ್ಧತಿ. ಎತ್ತಾದ್ರ ಮೂಗುದಾರ ಹಿಡಿತಿದ್ದಿ. ಇದಕ್ಕ ಮೂಗುದಾರ ಎಲ್ಲೈತಿ? ಒಳಗ ಕುಂದ್ರಬೇಕಾಕ್ಕೈತಿ. ಕುಂದರ್ತಿ ಏನು?”

ರೇವವ್ವ ಊರನ್ನು ನೋಡಿದಳು, ಗಾಡಿಯನ್ನು ನೋಡಿದಳು, ಸೆರಗು ಬಿಗಿಯಾಗಿ ಹೊದ್ದುಕೊಂಡಳು.

“ಲೇ ಖಂಡ್ಯಾ, ಬಾಗಲಾ ತಗಿ!”

ಅವನು ಎದ್ದು ಓಡಿದ ರಭಸಕ್ಕೆ ಒಂದು ಚಪ್ಪಲಿ ಒಳಗೇ ಉಳಿಯಿತು. ಒಂದೇ ಚಪ್ಪಲಿಯಲ್ಲಿ ಬಾಗಿಲು ತೆರೆದು ನಿಂತ. ರೇವವ್ವ ಕೊಟ್ಟಿಗೆಗೆ ಹೋಗುವ ಹಾಗೆ ತಲೆ ಬಗ್ಗಿಸಿ ಒಳಗೆ ಹೋದಳು. ಬಗ್ಗಿಸಬೇಕಾದ್ದೇ ಇಲ್ಲ ಎಂದು ತಿಳಿದು ನೆಟ್ಟಗೆ ಕೂತಳು.

ಹಲಗೆ ಶುರುವಾಯಿತು. ಮುಂದೆ ಕೆಂದ, ಹಿಂದೆ ಕೊರಿಯಾ ಗಾಡಿ. ಹೆಂಗಸರು ಮುಂದಿನ ಎರಡು ಗಾಲಿಗೆ ನೀರು ಹಾಕಿ ಪಾದ ತೊಳೆದರು, ದೀಪದ ಗಾಜಿಗೆ ಕುಂಕುಮ ಹಚ್ಚಿ ಆರತಿ ಬೆಳಗಿದರು. ಹೋಳಿಗೆ ತಿನ್ನಿಸಲು ಬಾಯಿ ಎಲ್ಲಿದೆ ಎಂದು ತಿಳಿಯದೆ ಖಂಡೆಪ್ಪನ ಬಾಯಿಗೆ ತುರುಕಿದರು. ಬಾಯಿ ತುಂಬ ಹೋಳಿಗೆ, ಕಣ್ಣು ತುಂಬ ನೀರು, ಆದರೂ ಹಾರ್ನ್ ಬಿಡಲಿಲ್ಲ. ಬೆಳೆಯ ವಿಷಯದಲ್ಲಿ ಗೌಡರು ಕುಸುಬಿ ಅರ್ಧ, ಸೂರ್ಯಪಾನ ಅರ್ಧ ಎಂದು ನಿಕಾಲು ಹೇಳಿ ಜಗಳ ಮುಗಿಸಿದರು.

ಮರುದಿನ ಬೆಳಕು ಹರಿಯುವ ಮೊದಲೇ ರೇವವ್ವ ಗಂಟು ಹಿಡಿದು ಮುಂದಿನ ಸೀಟಿನಲ್ಲಿ ಕೂತಿದ್ದಳು. ಕುಬಸದ ರವಿಕೆಯ ಖಣ, ಹೋಳಿಗೆಯ ಡಬ್ಬಿ ಎಲ್ಲ ಹಿಂದಿನ ಸೀಟಿನಲ್ಲಿ. ಗಾಡಿ ಅಗಸಿಯ ಕೆಳಗೆ ಬಂದಾಗ ನಿಲ್ಲಿಸು ಎಂದಳು. ಹರಿದ ಹಗ್ಗದ ತುದಿ ಇನ್ನೂ ಜೋಲುತ್ತಿತ್ತು.

“ಐವತ್ತು ವರ್ಷ ಆತು, ಇದ ಅಗಸ್ಯಾಗ ಚಕ್ಕಡಿ ಒಳಗ ಬಂದಿದ್ವಿ,” ಎಂದಳು. “ನೀ ನನ್ನ ಮಡಿಲಾಗ. ಸಾಲೋಟಗಿಯಿಂದ ಇಲ್ಲಿ ತನಕಾ ಅಳಕೋತನ ಬಂದಿ.”

ಖಂಡೆಪ್ಪನಿಗೆ ತಮಾಷೆ ಮಾಡುವ ಹುಕಿ ಬಂತು. “ಆವಾಗ ಈ ಊರಿನ ಗುರುತ ಇತ್ತೇನ ಅಕ್ಕಾ ನಿನಗ?”

“ಎಲ್ಲಿಂದ ಇರಬೇಕು? ಒಬ್ಬರ ಮಾರಿನೂ ನೋಡಿರಲಿಲ್ಲ.” ರೇವವ್ವ ಕೈ ಮೇಲೆತ್ತಿ, ಅವನ ರುಮಾಲಿಗೂ ಗಾಡಿಯ ಚಾವಣಿಗೂ ನಡುವೆ ಎಷ್ಟು ಜಾಗವಿದೆಯೆಂದು ನಾಲ್ಕು ಬೆರಳು ಇಟ್ಟು ನೋಡಿದಳು. “ನೀ ಜೋಡಿ ಇದ್ದಿ. ಅಷ್ಟ ಸಾಕಾತು.”

ಖಂಡೆಪ್ಪ ಗೇರು ಹಾಕಲು ಹೋಗಿ ಎರಡು ಸಲ ತಪ್ಪಿದ.

ಸಿಂದಗಿ ದಾಟುತ್ತಲೇ ನೀಲಿ ಗಾಡಿ ಎದುರು ಬಂತು. ಪರಮಾನಂದ ಮಾಸ್ತರರು ಕಿಟಕಿಗೆ ಕಿಟಕಿ ಹಚ್ಚಿ, ಗುಲಾಲು ಮೆತ್ತಿದ ಹಳದಿ ಗಾಡಿಯನ್ನು ಬೆರಗಾಗಿ ನೋಡಿ, ಆದರೂ ರೂಢಿ ಬಿಡದೆ ಕೇಳಿದರು: “ಎಷ್ಟ್ ಕೊಡತೈತ್ರಿ ಈಗ?”

ಖಂಡೆಪ್ಪ ಬಾಯಿ ತೆರೆಯುವಷ್ಟರಲ್ಲಿ ರೇವವ್ವ ಅವನ ಮೇಲಿನಿಂದ ಬಾಗಿ ಕಿಟಕಿಯ ಹೊರಗೆ ತಲೆ ಹಾಕಿದಳು. ಯಾರು ಯಾರಿಗೆ ಏನು ಕೊಡುವುದೆಂದು ಅವಳಿಗೆ ತಿಳಿದಿರಲಿಲ್ಲ.

“ಇಪ್ಪತ್ತ ಕೊಡತೈತ್ರಿ!” ಎಂದಳು. “ನನ್ನ ಗಾಡಿ ಐತಿದು. ಹಾದಿ ಬಿಡ್ರಿ, ಮಗಳ ಕುಬಸ ಐತಿ!”