ತಂಗಿ ಹೇಳಿಕೊಟ್ಟ ಕ್ಲೋಷರ್

ಮತ್ತೆ ಕೆಂಪು ಗೆರೆ, ಅಕ್ಕನ ಲ್ಯಾಪ್‌ಟಾಪಿನಲ್ಲಿ, ಪಕ್ಕದಲ್ಲೇ ಬೇರೆಯಾಗಿ ಓಡುವ ಕೆಲಸ ಅಂತಾರಲ್ಲ, ಆ ಥ್ರೆಡ್ಡಿನ ಸಾಲಿನ ಕೆಳಗೆ, ಹಲ್ಲು ಕಿರಿದ ಹಾಗೆ, ಆ ಕಡೆ ಪರದೆಯ ಮುಂದೆ ತಂಗಿ ಮಾತಾಡುತ್ತಲೇ ಇದ್ದಾಳೆ, ಕ್ಲೋಷರ್ ಅಂದ್ರೆ ಹೆಸರಿಲ್ಲದ ಪುಟ್ಟ ಫಂಕ್ಷನ್ನು, ಆದ್ರೆ ಬರಿಗೈಲಿ ಹೋಗಲ್ಲ, ಹುಟ್ಟಿದ ಜಾಗದಲ್ಲಿ ಏನೇನಿತ್ತೋ ಅದರಲ್ಲಿ ಬೇಕಾದ್ದನ್ನ ಹಿಡ್ಕೊಂಡೇ ಹೋಗುತ್ತೆ — ಎಲ್ಲರೂ ತಲೆಯಾಡಿಸುತ್ತಾರೆ, ಮ್ಯಾನೇಜರ್ ಕೂಡ, ಇದೇ ಕೋಣೆಯಲ್ಲಿ ಕೂತು ಅಕ್ಕ ಲಿಫ್ಟುಗಳ ಪ್ರೋಗ್ರಾಂ ಬರೆಯುತ್ತಿದ್ದಾಗ ಒಂದು ದಿನವಾದರೂ ಹೀಗೆ ತಲೆಯಾಡಿಸಿದ್ದನೇ ಆ ಮಹಾನುಭಾವ, ಅವಳು ಬರೆದದ್ದರ ಮೇಲೇ ಊರಿನ ಅರ್ಧ ಲಿಫ್ಟುಗಳು ಇವತ್ತಿಗೂ ಏರಿ ಇಳಿಯುತ್ತಿವೆ, ಈಗ ಎಲ್ಲ ರಸ್ಟ್ ಅನ್ನೋ ಪ್ರೋಗ್ರಾಂ ಭಾಷೆಯಲ್ಲಿ ಹೊಸದಾಗಿ ಬರೀಬೇಕಂತೆ, ಅದಕ್ಕೊಂದು ಹೊಸ ತಂಡವಂತೆ, ಅದು ಯಾರ ಕೈಗೆ ಅಂತ ತಂಗಿಯ ಈ ಕ್ಲಾಸು ಮುಗಿದ ಮೇಲೆ ಹೇಳ್ತಾರಂತೆ, ಹೇಳೋದೇನು ಬಂತು, ಕಣ್ಣಿಗೆ ಕಾಣ್ತಿದೆಯಲ್ಲ. ಇವಳನ್ನ ಇಲ್ಲಿ ಸೇರಿಸಿದ್ದು ಯಾರು, ಲೂಪ್ ಅಂದ್ರೇನು ಅಂತ ಊಟದ ಮೇಜಿನ ಮೇಲೆ ಚಮಚ ಜೋಡಿಸಿ ತೋರಿಸಿದ್ದು ಯಾರು, ಆಗ ಅವಳಿಗೆ ಎರಡು ಜಡೆ, ಅಕ್ಕ ಇನ್ನೊಂದ್ಸಲ, ಅಕ್ಕ ಇನ್ನೊಂದ್ಸಲ, ಒಳಗಿಂದ ಅಮ್ಮ, ಅವಳಿಗೂ ಸ್ವಲ್ಪ ಹೇಳಿಕೊಡೇ, ನಿನ್ನ ಗಂಟೇನು ಹೋಗುತ್ತೆ. ಹೋಯಿತಲ್ಲಮ್ಮ, ಗಂಟೇ ಹೋಯಿತು — ಛೇ, ಎಂಥ ಬುದ್ಧಿ ಇದು, ಒಡಹುಟ್ಟಿದವಳ ಮೇಲೆ ಹೊಟ್ಟೆಕಿಚ್ಚು, ಆದರೂ ಆ ಸಲೀಸು ಮಾತು ಕಿವಿಗೆ ಬಿದ್ದರೇ ಉರಿಯುತ್ತದೆ, ಏನು ಮಾಡುವುದು.

ಬರೆದದ್ದನ್ನೆಲ್ಲ ತಿದ್ದುವ ಮೇಷ್ಟ್ರು ಈ ಕಂಪೈಲರ್, ಹೇಳುತ್ತಿದೆ, ಈ ಫಂಕ್ಷನ್ ಮುಗಿದ ಮೇಲೂ ಥ್ರೆಡ್ ಬದುಕಿರಬಹುದು, ಎರವಲು ತಂದ ಮಹಡಿಗಳ ಪಟ್ಟಿ ಆಗ ಇರಲ್ಲ — ಸರಿ, ಅಕ್ಕ ಮೂವ್ ಅಂತ ಬರೆದಳು, ಎರವಲು ಬೇಡ, ಪೂರ್ತಿ ನೀನೇ ಇಟ್ಟುಕೋ ತಂದೆ, ಗೆರೆ ಮಾಯ, ಗೆದ್ದೆ ಅನ್ನುವಷ್ಟರಲ್ಲಿ ಕೆಳಗಿನ ಸಾಲು ಕೆಂಪಾಯಿತು, ಪಟ್ಟಿ ಈಗ ಕ್ಲೋಷರಿನದು, ಇಲ್ಲಿ ಮತ್ತೆ ಮುಟ್ಟುವ ಹಾಗಿಲ್ಲ. ಕೇಳುವುದೇ, ಅವಳನ್ನೇ, ಸತ್ತರೂ ಇಲ್ಲ. ಬೆನ್ನ ಹಿಂದೆ ಉಸಿರು, ತಂಗಿ ಯಾವಾಗ ಬಂದು ನಿಂತಳೋ, ಅಕ್ಕ, ಮೊದಲೇ ಕ್ಲೋನ್ ಮಾಡು, ನಕಲು ಅದು ತಗೊಂಡು ಹೋಗ್ಲಿ, ನಿನ್ನದು ನಿನ್ನ ಹತ್ರಾನೇ ಇರುತ್ತೆ, ಯಾರಿಗೂ ಕೇಳದಷ್ಟು ಮೆಲ್ಲಗೆ. ಗೊತ್ತು ಬಿಡು, ಅಂದಳು, ಗೊತ್ತಿರಲಿಲ್ಲ, ಬರೆದಳು, ಓಡಿತು. ಹೋಗಬಾರದೇ ಇನ್ನು, ಯಾಕೆ ನಿಂತಿದ್ದಾಳೆ, ಅಕ್ಕ ನಾನು ಸರಿಯಾಗಿ ಹೇಳ್ತಿದೀನಾ, ಭಯ ಆಗ್ತಿದೆ ನಂಗೆ, ನೀನು ಒಂದ್ಸಲನೂ ತಲೆ ಎತ್ತಲಿಲ್ಲ — ನಾಟಕ, ಶುದ್ಧ ನಾಟಕ, ಚುರುಕ್ಕೆನ್ನುವ ಉತ್ತರವೊಂದು ನಾಲಿಗೆ ತುದಿಗೆ ಬಂತು, ಅಷ್ಟರಲ್ಲಿ ಕಂಡಿತು, ಮೇಜಿನಂಚು ಹಿಡಿದಿದ್ದ ಅವಳ ಹೆಬ್ಬೆರಳು, ಉಗುರು ಬುಡದವರೆಗೂ ಕಚ್ಚಿ ಕಿತ್ತದ್ದು, ಪಕ್ಕದಲ್ಲಿ ಹಸಿ ರಕ್ತ, ಇದು ನಾಟಕವಲ್ಲ. ಚೆನ್ನಾಗೇ ಹೇಳ್ತಿದೀಯ ಹೋಗು, ಅಂದಳು, ಒಣಒಣ ಬಂತು ಮಾತು, ಅಷ್ಟಕ್ಕೇ ತಂಗಿಯ ಮುಖ ಅರಳಿತು, ಮುಂದೆ ಹೋದಳು, ಮ್ಯಾನೇಜರ್ ಎದ್ದ, ತಂಗಿಯ ಕಡೆ ಕೈ ತೋರಿಸಿ ಹೊಸ ತಂಡ ಇನ್ನು ಇವರದ್ದೇ ಅಂದ, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾರೆ, ಅಕ್ಕನ ಕೈಯೂ ತಟ್ಟುತ್ತಿದೆ, ಹೊಟ್ಟೆ ಉರಿಯುತ್ತಲೇ ಇದೆ, ತಂಗಿ ಇವಳನ್ನೇ ನೋಡುತ್ತಿದ್ದಾಳೆ, ಆ ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು, ಆ ಬೆರಳು, ಬುಡದವರೆಗೂ ಕಚ್ಚಿದ ಆ ಉಗುರು, ಆ ಉಗುರು —