ದೀಕ್ಷಿತ್ ಆಡಿದ ಮೂವತ್ತೊಂದು ಪಂದ್ಯ

“ಯಾವ ಬೋಳಿಮಗ ಬರ್ದದ್ದ್ ಇದನ್ನ? ಬಾಯಿ ಬಿಡ್ರಾ, ಎಂಜಲ್ ನಾಯಿಗಳೇ.”

ಹೋಟೆಲಿನ ಯಜಮಾನ ಸತ್ಯನಾರಾಯಣ ರಾಯರು ಮೇಜಿನ ಮೇಲೆ ಒಂದು ಕಾಗದ ಎಸೆದರು. ಕಬಡ್ಡಿಯ ವೆಬ್‌ಸೈಟಿನಲ್ಲಿ ಒಂದೇ ಒಂದು ಗಂಟೆ ಇದ್ದು ಮಾಯವಾದ ವರದಿಯನ್ನು ಯಾರೋ ಫೋಟೋ ತೆಗೆದು ಅವರಿಗೆ ತಲುಪಿಸಿದ್ದರು. ಅದರಲ್ಲಿ ಒಂದು ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿತ್ತು. ಎದುರಿಗೆ ನಾವು ಮೂವರು ನಿಂತಿದ್ದೆವು: ದೋಸೆ ಮಾಸ್ಟರ್ ಕಿಟ್ಟಣ್ಣ, ಗಲ್ಲಾದಲ್ಲಿ ಕೂರುವ ಜಯಪ್ರಕಾಶ್, ತರಕಾರಿ ಹೆಚ್ಚುವ ನಾನು, ಸರಸ. ಮದ್ರಾಸಿನ ಪುರಸೈವಾಕ್ಕಂನ ‘ಪಂಚಮಿ ಭವನ’ ಹೋಟೆಲಿನಲ್ಲಿ ಕನ್ನಡವನ್ನು ತಪ್ಪಿಲ್ಲದೆ ಬರೆಯಬಲ್ಲವರು ನಾವು ಮೂವರೇ. ಆದ್ದರಿಂದ ‘ತೊಡೆತಟ್ಟು’ ಎಂಬ ಕಬಡ್ಡಿ ಸೈಟಿಗೆ ಬರೆಯುವವರೂ ನಾವು ಮೂವರೇ.

ಬರೆದವಳು ನಾನು. ಬಾಯಿ ಬಿಡಲಿಲ್ಲ.

ರಾಯರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಗಂಡ ಸತ್ತ ಮುಂಡೆಗೆ ಇಷ್ಟು ಧೈರ್ಯ ಎಲ್ಲಿಂದ ಬರಬೇಕು ಅಂದುಕೊಂಡರೋ ಏನೋ, ಕಣ್ಣು ದಾಟಿಸಿದರು. ಜಯಪ್ರಕಾಶನನ್ನು ನೋಡಲೇ ಇಲ್ಲ. ಕೊನೆಗೆ ಕಿಟ್ಟಣ್ಣನ ಮುಂದೆ ಹೋಗಿ ಕಾಗದವನ್ನು ಅವನ ಕೈಗೆ ತುರುಕಿ, ಓದು, ಜೋರಾಗಿ ಓದು ಅಂದರು. ಐವತ್ತೈದು ದಾಟಿದ ಮನುಷ್ಯ ಕನ್ನಡಕ ಇಲ್ಲದೆ ತಡವರಿಸುತ್ತ ಓದಿದ: “ರಾಮದಾಸನ ಬಲಗಾಲು ಮಂಡಿಯ ಕೆಳಗೆ ಮುರಿಯಿತು. ಮುರಿದ ಸದ್ದು ಬೇಲಿಯ ಆಚೆ ನಿಂತವರಿಗೂ ಕೇಳಿಸಿತು.”

“ರಾಮದಾಸ ಯಾರಾ? ನಮ್ ಟೀಮಲ್ಲಿ ರಾಮದಾಸ ಅನ್ನೋ ಆಟಗಾರ ಇದ್ದಾನಾ? ಹೇಳಾ, ನಿನ್ನ ಊರವನಲ್ವಾ ಅವನು?”

ಊರಿನವನೇ ಎಂದು ಕಿಟ್ಟಣ್ಣ ತಲೆಯಾಡಿಸಿದ. ಅಷ್ಟು ಸಾಕಾಯಿತು. ನಾಳೆಯಿಂದ ದೋಸೆಕಲ್ಲಿನ ಹತ್ತಿರ ಬರಬೇಡ, ಬಕೆಟ್ ಹಿಡಿದು ಟೇಬಲ್ ಒರೆಸು, ನಿನ್ನ ಊರವನ ಜಾಗ ಹೇಗೂ ಖಾಲಿ ಇದೆ ಎಂದರು ರಾಯರು. ಇಪ್ಪತ್ತಾರು ವರ್ಷ ದೋಸೆ ಹುಯ್ದ ಕೈ ಅದು. ಕಿಟ್ಟಣ್ಣ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟು ಹೊರಗೆ ಹೋದ. ಅವನ ಹಿಂದೆ ಮೆಟ್ಟಿಲಿಳಿಯುವಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಈ ಸೈಟಿನ ಕಥೆ ಹೇಳಬೇಕು. ಮದ್ರಾಸಿನಲ್ಲಿರುವ ನಮ್ಮ ಕಡೆಯ ಹೋಟೆಲುಗಳೆಲ್ಲ ಸೇರಿ ವರ್ಷವಿಡೀ ಕಬಡ್ಡಿ ಆಡಿಸುತ್ತವೆ. ಸಂಘ ಒಂದಿದೆ. ಅದರ ಸೈಟನ್ನು ನಡೆಸುವವರು ನಮ್ಮ ರಾಯರು. ಊರಿನಲ್ಲಿರುವ ದೊಡ್ಡವರು ಕನ್ನಡದಲ್ಲಿ ಓದಿ ಖುಷಿಪಡಬೇಕು ಎಂದು ಅವರ ಆಸೆ. ಆದರೆ ಅವರ ಮನೆಯ ಮಕ್ಕಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಹಾಗಾಗಿ ಬೈಂದೂರಿನಲ್ಲಿ ಪಿಯುಸಿ ಓದಿದ ನನಗೆ, ಈರುಳ್ಳಿ ಹೆಚ್ಚಿದ ಕೈಯಲ್ಲೇ, ಈ ಸಾಹಿತ್ಯಸೇವೆ ಅಂಟಿಕೊಂಡಿತು. ಮೂವರಿಗೂ ಸೇರಿ ಒಂದೇ ಲಾಗಿನ್, ಒಂದೇ ಪಾಸ್‌ವರ್ಡ್. ಯಾರು ಬರೆದರೂ ಕೆಳಗೆ ‘ನಮ್ಮ ಪ್ರತಿನಿಧಿ’ ಎಂದೇ ಬರುತ್ತದೆ. ಯಾರು ಬರೆದರು, ಯಾರು ತಿದ್ದಿದರು, ಯಾರು ಅಳಿಸಿದರು ಎಂದು ದೇವರಿಗೂ ಗೊತ್ತಾಗುವುದಿಲ್ಲ.

ಸಂಘದ ನಿಯಮದ ಪ್ರಕಾರ ಹೋಟೆಲಿನ ರಿಜಿಸ್ಟರಿನಲ್ಲಿ ಹೆಸರಿದ್ದವರು ಮಾತ್ರ ಆಡಬೇಕು. ನಮ್ಮ ರಿಜಿಸ್ಟರಿನಲ್ಲಿ ರಾಮದಾಸನ ಜಾತಿಯವರ ಹೆಸರು ಒಂದೂ ಇಲ್ಲ. ಟೇಬಲ್ ಒರೆಸಿ ಎಂಜಲೆತ್ತುವ ರಾಮದಾಸ, ಚರಂಡಿ ಬಿಡಿಸುವವರು, ಎಲ್ಲ ಗುತ್ತಿಗೆಯವರು. ಅವರ ಊಟದ ತಟ್ಟೆ ಬೇರೆ, ಅದನ್ನಿಡುವ ಜಾಗ ಬೇರೆ. ಆದರೆ ರಾಮದಾಸ ಎದುರಿನ ಅಂಕಣಕ್ಕೆ ಕಾಲಿಟ್ಟರೆ ಮೂವರನ್ನು ಮುಟ್ಟದೆ ವಾಪಸು ಬರುತ್ತಿರಲಿಲ್ಲ. ಕಬಡ್ಡಿಯಲ್ಲಿ ಅವನು ಮುಟ್ಟಿದರೆ ಯಾರಿಗೂ ಬೇಸರವಿರಲಿಲ್ಲ. ಅದಕ್ಕೆ ರಾಯರು ತಮ್ಮ ಅಣ್ಣನ ಮಗ ದೀಕ್ಷಿತನ ಕಾರ್ಡು ಕೊಟ್ಟು ಅವನನ್ನು ಇಳಿಸಿದರು. ಮೂರು ವರ್ಷ, ಮೂವತ್ತೊಂದು ಪಂದ್ಯ. ಆಡಿದವನು ರಾಮದಾಸ, ನಾವು ಬರೆದದ್ದು ದೀಕ್ಷಿತ್. “ದೀಕ್ಷಿತ್ ಮಿಂಚಿನ ದಾಳಿ”, “ದೀಕ್ಷಿತ್‌ಗೆ ಹದಿನಾಲ್ಕು ಅಂಕ”. ಅಂಪೈರಿಗೂ ಗೊತ್ತು, ಎದುರಿನ ತಂಡಕ್ಕೂ ಗೊತ್ತು. ಅವರವರ ಹೋಟೆಲಿನಲ್ಲೂ ಇಂಥವರು ಒಬ್ಬಿಬ್ಬರು ಇರುವುದರಿಂದ ಯಾರೂ ಬಾಯಿ ಬಿಡುವುದಿಲ್ಲ. ದೀಕ್ಷಿತ್ ತಂಪು ಕನ್ನಡಕ ಹಾಕಿಕೊಂಡು ಗೆರೆಯ ಹೊರಗೆ ಕುರ್ಚಿಯಲ್ಲಿ ಕೂತಿರುತ್ತಾನೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ. ತನ್ನ ಹೊಗಳಿಕೆಯನ್ನು ನನ್ನ ಹತ್ತಿರ ಓದಿಸಿಕೊಂಡು “ಸೂಪರ್ ಆಂಟಿ” ಎಂದು ಹೋಗುತ್ತಿದ್ದ.

ರಾಯರು ಕಾಗದ ಎಸೆದದ್ದಕ್ಕೆ ಹಿಂದಿನ ಭಾನುವಾರ ಅಂಬತ್ತೂರಿನ ಮೈದಾನದಲ್ಲಿ ಸೆಮಿಫೈನಲ್. ಮೊದಲೇ ಮಂಡಿ ಊದಿಕೊಂಡಿತ್ತು, ಆಡಲಾರೆ ಎಂದಿದ್ದ ರಾಮದಾಸ. ಆಡದಿದ್ದರೆ ರೂಮು ಖಾಲಿ ಮಾಡು ಎಂದಿದ್ದರು ರಾಯರು. ಎರಡನೇ ಅವಧಿಯಲ್ಲಿ ನಾಲ್ವರು ಒಟ್ಟಿಗೆ ಅವನ ಮೇಲೆ ಬಿದ್ದರು. ಆ ಸದ್ದು ಕೇಳಿ ನಾನು ಬೇಲಿಯ ಬುಡದಲ್ಲೇ ಕೂತು ಮೊಬೈಲಿನಲ್ಲಿ ಬರೆದು ಹಾಕಿಬಿಟ್ಟೆ. ಮೂರು ವರ್ಷ ಬೆರಳಿಗೆ ರೂಢಿಯಾಗಿದ್ದ ಸುಳ್ಳು ಆ ಹೊತ್ತಿಗೆ ಬರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದೆ. ಒಂದು ಗಂಟೆ ಬಿಟ್ಟು ನೋಡಿದರೆ ಆ ಜಾಗದಲ್ಲಿ “ಆಟ ಹತ್ತು ನಿಮಿಷ ನಿಂತಿತ್ತು” ಎಂದಷ್ಟೇ ಇತ್ತು.

ಅಳಿಸಿದವರು ಇಬ್ಬರಲ್ಲಿ ಒಬ್ಬರು. ಅದನ್ನು ರಾಯರಿಗೆ ಮುಟ್ಟಿಸಿದವರೂ ಇಬ್ಬರಲ್ಲಿ ಒಬ್ಬರೇ ಇರಬೇಕು. ಅಂದಿನಿಂದ ನಾನು ಇಬ್ಬರ ಮುಖವನ್ನೂ ನೋಡುತ್ತಲೇ ಇದ್ದೆ. ಜಯಪ್ರಕಾಶ್ ಹೊಸ ಮೊಬೈಲು ಹಿಡಿದಿದ್ದ; ಎಲ್ಲಿಂದ ಬಂತು? ಕಿಟ್ಟಣ್ಣ ನಾನು ಬಂದ ಕೂಡಲೇ ಮಾತು ನಿಲ್ಲಿಸುತ್ತಿದ್ದ, ಯಾಕೆ? ನಾನು ಕೊಟ್ಟ ಚಹಾವನ್ನು ಜಯಪ್ರಕಾಶ್ ಕುಡಿಯದೆ ಬಿಟ್ಟರೆ ಅದಕ್ಕೂ ನಾನೊಂದು ಅರ್ಥ ಹಚ್ಚುತ್ತಿದ್ದೆ. ಅವರೂ ನನ್ನ ಮೇಲೆ ಹಾಗೆಯೇ ಕಣ್ಣಿಟ್ಟಿದ್ದರು.

ರಾಮದಾಸ ಮಹಡಿಯ ರೂಮಿನಲ್ಲಿ, ಬಾಗಿಲ ಪಕ್ಕದ ಚಾಪೆಯಲ್ಲಿ ಬಿದ್ದಿದ್ದ. ಕಾಲಿಗೆ ತಾತ್ಕಾಲಿಕ ಕಟ್ಟು ಹಾಕಿದ್ದರು. ಒಳಗೆ ರಾಡು ಇಡಬೇಕು, ಹತ್ತು ದಿನದೊಳಗೆ ಆಪರೇಷನ್ ಆಗದಿದ್ದರೆ ಕಾಲು ಸೊಟ್ಟಗೇ ಕೂಡಿಕೊಳ್ಳುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ಅಂಕಣದಲ್ಲಿ ಪೆಟ್ಟಾದ ಆಟಗಾರನಿಗೆ ಆಪರೇಷನ್ ಮಾಡಿಸುವ ಹೊಣೆ ಸಂಘದ್ದು. ಆದರೆ ಆಡಿದವನು ದೀಕ್ಷಿತ್. ದೀಕ್ಷಿತನ ಕಾಲು ಚೆನ್ನಾಗಿದೆ. ಇವನು ಕುಡಿದು ಮೆಟ್ಟಿಲಿಂದ ಬಿದ್ದ ಎಂದು ರಾಯರು ಹೇಳಿ ಮುಗಿಸಿದ್ದರು.

ಗಂಜಿ ತೆಗೆದುಕೊಂಡು ಹೋದಾಗ ರಾಮದಾಸ ಸಂಘದ ಕಾರ್ಯದರ್ಶಿ ಚಂದ್ರಶೇಖರಣ್ಣನಿಗೆ ಫೋನ್ ಮಾಡಿದ್ದನ್ನು ಹೇಳಿದ. ಅವರು ಬೇರೆ ಹೋಟೆಲಿನವರು, ರಾಯರಿಗೂ ಅವರಿಗೂ ಅಷ್ಟಕ್ಕಷ್ಟೆ. ಬಾಯಿಮಾತು ನಡೆಯುವುದಿಲ್ಲ, ಸಂಘಕ್ಕೆ ಸೈಟೇ ದಾಖಲೆ, ಅದರಲ್ಲಿ ನಿನ್ನ ಹೆಸರಿದ್ದರೆ ತೋರಿಸು, ನಾನೇ ಬಂದು ಆಸ್ಪತ್ರೆಗೆ ಸೇರಿಸುತ್ತೇನೆ ಎಂದಿದ್ದರಂತೆ.

“ಅಕ್ಕಾ, ಒಂದ್ ಗಂಟೆ ನನ್ನ ಹೆಸ್ರ್ ಇದ್ದಿತ್ತಂಬ್ರಲೆ. ನೀವ್ ಕಂಡದ್ದಾ?”

ಕಂಡೆ ಎಂದೆ. ಬರೆದವಳು ನಾನೇ ಎಂದು ಅವನಿಗೂ ಹೇಳಲಿಲ್ಲ. ಪಕ್ಕದ ಚಾಪೆಯಲ್ಲಿ ಮಲಗಿದ್ದವನು ನಿಜವಾಗಿ ನಿದ್ದೆ ಮಾಡಿದ್ದಾನೋ ಕಿವಿ ನಿಮಿರಿಸಿದ್ದಾನೋ ಯಾರಿಗೆ ಗೊತ್ತು.

ಶುಕ್ರವಾರ ಎರಡು ಆಜ್ಞೆ ಬಂತು. ಒಂದು, ಭಾನುವಾರದ ಫೈನಲ್‌ನಲ್ಲಿ ದೀಕ್ಷಿತನಿಗೆ ವರ್ಷದ ಶ್ರೇಷ್ಠ ರೈಡರ್ ಕಪ್ಪು ಕೊಡುತ್ತಾರೆ, ಅದರ ವರದಿಯನ್ನು ಇವತ್ತೇ ಬರೆದಿಡಬೇಕು. ಇನ್ನೊಂದು, ರಾಮದಾಸನಿಗೆ ಊರಿಗೆ ಹೋಗುವ ಸಂಜೆ ಗಾಡಿಗೆ ಟಿಕೆಟ್ ಆಗಿದೆ, ನಾಲ್ಕು ಗಂಟೆಗೆ ಆಟೋ ಬರುತ್ತದೆ. ಎರಡನ್ನೂ ಜಯಪ್ರಕಾಶ್ ಗಲ್ಲಾದಿಂದ ತಲೆಯೆತ್ತದೆ ಹೇಳಿದ. ಟಿ. ನಗರದಿಂದ ಕಂಪ್ಯೂಟರಿನವನು ನಾಳೆ ಬಂದು ಪಾಸ್‌ವರ್ಡ್ ಬದಲಾಯಿಸುತ್ತಾನೆ ಎಂಬುದನ್ನೂ ಸೇರಿಸಿದ. ಇದನ್ನು ನನಗೆ ಯಾಕೆ ಹೇಳಿದ? ಹೆದರಿಸುವುದಕ್ಕೋ, ಮತ್ತೇನಕ್ಕೋ ತಿಳಿಯಲಿಲ್ಲ.

ಮಧ್ಯಾಹ್ನದ ಊಟ ಮುಗಿದು ಶಟರ್ ಅರ್ಧ ಇಳಿದಿತ್ತು. ಕಿಟ್ಟಣ್ಣ ಬಕೆಟ್ ಹಿಡಿದು ಕೊನೆಯ ಟೇಬಲ್ ಒರೆಸುತ್ತಿದ್ದ. ಎಂಜಲು ಬಟ್ಟೆ ಹಿಂಡುವುದು ಅವನಿಗೆ ಇನ್ನೂ ರೂಢಿಯಾಗಿರಲಿಲ್ಲ, ತೋಳೆಲ್ಲ ಸಾಂಬಾರಾಗಿತ್ತು. ನಾನು ಹತ್ತಿರ ಹೋದೆ.

“ನೀ ಬರದ್ದಾ ಅದ್?” ಎಂದು ಕೇಳಿದ, ನನ್ನ ಕಡೆ ನೋಡದೆ.

“ಅಲ್ಲ.”

“ಹಂಗಾರೆ ನಾನೇ ಬರದ್ದ್ ಅಂದ್ಕೋ. ಯಾರಾರೂ ಒಬ್ರ್ ಬರೀಕಿತ್ತಲ್ಲ.”

ಬಕೆಟ್ ಎತ್ತಿಕೊಂಡು ಹಿಂದಕ್ಕೆ ಹೋದ. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಇದನ್ನೇ ಬೇಕೆಂದು ಹೇಳಿ ನನ್ನ ಬಾಯಿ ಬಿಡಿಸಲು ನೋಡಿದನೇ ಎಂಬ ಅನುಮಾನವೂ ಅದರ ಹಿಂದೆಯೇ ಬಂತು. ಇಂಥ ಬದುಕಿಗಿಷ್ಟು ಬೆಂಕಿ ಹಾಕ.

ತರಕಾರಿ ಕೋಣೆಗೆ ಹೋಗಿ ಕುಂಬಳಕಾಯಿ ರಾಶಿಯ ಹಿಂದೆ ಕೂತು ಲಾಗಿನ್ ಆದೆ. ಮೂರು ವರ್ಷದ ಹಿಂದಿನ ಮೊದಲ ಪಂದ್ಯವನ್ನು ತೆರೆದೆ. ಎಲ್ಲೆಲ್ಲಿ ದೀಕ್ಷಿತ್ ಎಂದಿತ್ತೋ ಅಲ್ಲೆಲ್ಲ ಅಳಿಸಿ ರಾಮದಾಸ ಎಂದು ಬರೆದೆ. ಎರಡನೆಯದು, ಮೂರನೆಯದು. ಕೆಲವು ವಾಕ್ಯ ನನ್ನವು, ಕೆಲವು ಕಿಟ್ಟಣ್ಣನ ಯಕ್ಷಗಾನದ ಧಾಟಿಯವು, ಕೆಲವು ಜಯಪ್ರಕಾಶನ ಒಣ ಲೆಕ್ಕದವು. ಹೆಸರು ಸರಿಯಾದ ಮೇಲೆ ಅದೇ ವಾಕ್ಯಗಳು ಓದಲು ಬೇರೆಯಾಗಿದ್ದವು. ಹೊರಗೆ ಚಪ್ಪಲಿ ಸದ್ದಾದರೆ ಮೊಬೈಲನ್ನು ಸೆರಗಿನೊಳಗೆ ಹಾಕಿಕೊಂಡು ಬದನೆಕಾಯಿ ಹಿಡಿಯುತ್ತಿದ್ದೆ.

ಹದಿನೇಳನೆಯದನ್ನು ಮುಗಿಸಿ ಹದಿನೆಂಟನೆಯದನ್ನು ತೆರೆದರೆ ಅದರಲ್ಲಿ ಆಗಲೇ ರಾಮದಾಸ ಎಂದಿತ್ತು.

ನಾನೇ ತಿದ್ದಿ ಮರೆತೆನೇ ಎಂದು ಮತ್ತೆ ನೋಡಿದೆ. ಹತ್ತೊಂಬತ್ತರಲ್ಲೂ ರಾಮದಾಸ. ಇಪ್ಪತ್ತು, ಇಪ್ಪತ್ತೊಂದು, ಎಲ್ಲದರಲ್ಲೂ. ನಾನು ಹಳೆಯದರಿಂದ ಈಚೆಗೆ ಬರುತ್ತಿದ್ದಾಗ ಯಾರೋ ಹೊಸದರಿಂದ ಆಚೆಗೆ ಹೋಗುತ್ತಿದ್ದರು. ಕಡೆಗೆ ಅಂಬತ್ತೂರಿನ ಪಂದ್ಯ. “ಆಟ ಹತ್ತು ನಿಮಿಷ ನಿಂತಿತ್ತು” ಎಂಬುದು ಹೋಗಿ, ನಾನು ಬರೆದಿದ್ದ ಸಾಲು ಒಂದಕ್ಷರ ಬದಲಾಗದೆ ಮರಳಿ ಬಂದಿತ್ತು. ಕಣ್ಣಿಗೆ ನೀರು ಬಂತು, ಈರುಳ್ಳಿಯದಲ್ಲ. ಯಾರು? ಆ ಕಾಗದ ಕಿಟ್ಟಣ್ಣನ ಕೈಯಲ್ಲೂ ಇತ್ತು, ಜಯಪ್ರಕಾಶನ ಕಣ್ಣಿಗೂ ಬಿದ್ದಿತ್ತು. ಅಳಿಸಿದವನೇ ಮರಳಿ ಬರೆದನೋ, ಇದೂ ನನ್ನನ್ನು ಹಿಡಿಯಲು ಒಡ್ಡಿದ ಬಲೆಯೋ.

ಬಲೆಯಾದರೆ ಬಲೆ ಎಂದುಕೊಂಡೆ. ಕೆಳಗಿದ್ದ ‘ನಮ್ಮ ಪ್ರತಿನಿಧಿ’ಯನ್ನು ಅಳಿಸಿ ಬರೆದೆ: “ಕಣ್ಣಾರೆ ಕಂಡು ಬರೆದವಳು ಸರಸ, ತರಕಾರಿ ಹೆಚ್ಚುವವಳು, ಪಂಚಮಿ ಭವನ.” ಅದನ್ನು ಚಂದ್ರಶೇಖರಣ್ಣನಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಓದಿದ ಗುರುತು ಬಂತು, ಉತ್ತರ ಬರಲಿಲ್ಲ.

ನಾಲ್ಕಕ್ಕೆ ಶಟರ್ ಪೂರ್ತಿ ಎದ್ದಿತು. ಆಟೋ ಬಂದು ನಿಂತಿತ್ತು. ಇಬ್ಬರು ಹುಡುಗರು ರಾಮದಾಸನನ್ನು ಹೆಗಲ ಮೇಲೆ ಆತುಕೊಂಡು ಮೆಟ್ಟಿಲಿಳಿಸುತ್ತಿದ್ದರು. ಅವನ ಬ್ಯಾಗು ಆಗಲೇ ಆಟೋದಲ್ಲಿತ್ತು. ನಾನು ಎಲ್ಲರೆದುರು ಅಡ್ಡ ಹೋಗಿ ಮೊಬೈಲು ಅವನ ಕೈಗೆ ಕೊಟ್ಟೆ. ಅವನು ಓದಿದ. ಮತ್ತೊಂದನ್ನು ಓದಿದ. ಬೆರಳಲ್ಲಿ ಮೇಲೆ ಕೆಳಗೆ ಸರಿಸಿ ತನ್ನ ಹೆಸರನ್ನೇ ಹುಡುಕಿ ಹುಡುಕಿ ಓದಿದ.

“ಬಿಡ್ರಾ ನನ್ನ” ಎಂದ. ಹುಡುಗರು ಬಿಟ್ಟರು.

ಗೋಡೆ ಹಿಡಿದು ಕೆಳಗೆ ಜಾರಿ ಹೋಟೆಲಿನ ಹೊಸ್ತಿಲ ಮೇಲೆ ಕೂತ. ಕಟ್ಟು ಹಾಕಿದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಬಾಗಿಲಿಗೆ ಅಡ್ಡವಾಗಿ ನೀಡಿದ. ಈ ಬಾಗಿಲಿನಿಂದ ಅವನು ಒಳಗೆ ಬಂದದ್ದೇ ಇಲ್ಲ. ಗುತ್ತಿಗೆಯವರಿಗೆ ಹಿಂದಿನ ಓಣಿಯ ಬಾಗಿಲು.

“ಚಂದ್ರಶೇಖರಣ್ಣ ಬಪ್ಪು ವರಿಗೆ ಏಳ್ತಿಲ್ಲ ನಾನ್. ಎಳ್ದ್ ಹಾಕುದಾರೆ ಹಾಕಿ.”

ಅವರು ಬರುತ್ತಾರೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಮಹಡಿಯಲ್ಲಿ ರಾಯರ ಕುರ್ಚಿ ಸರಿದ ಸದ್ದು ಕೇಳಿಸಿತು. ಗಲ್ಲಾದಲ್ಲಿ ಜಯಪ್ರಕಾಶ್ ತಲೆ ತಗ್ಗಿಸಿ ಮೊಬೈಲು ನೋಡುತ್ತಿದ್ದ. ಒಳಗಡೆ ಕಿಟ್ಟಣ್ಣ ಬಕೆಟ್ ಹಿಡಿದು ನಿಂತಿದ್ದ. ಇಬ್ಬರ ಮುಖದಲ್ಲೂ ಏನೂ ಕಾಣಿಸಲಿಲ್ಲ, ಇವತ್ತಿನವರೆಗೂ ಯಾರೆಂದು ನನಗೆ ತಿಳಿದಿಲ್ಲ. ನಾನು ರಾಮದಾಸನ ಪಕ್ಕ ಹೊಸ್ತಿಲ ಮೇಲೆ ಕೂತುಕೊಂಡೆ.

ಸಂಜೆಯ ತಿಂಡಿಗೆ ಗಿರಾಕಿಗಳು ಬರತೊಡಗಿದರು. ಬಟ್ಟೆಯಂಗಡಿಯ ಚೀಲ ಹಿಡಿದ ಒಬ್ಬರು ಕಾಲಿನ ಮುಂದೆ ನಿಂತು, ದಾಟಲೋ ಬೇಡವೋ ಎಂದು ನೋಡಿ, ಏನಾಯಿತು ಎಂದು ತಮಿಳಿನಲ್ಲಿ ಕೇಳಿದರು. ಈ ಹೋಟೆಲಿಗೆ ಕಬಡ್ಡಿ ಆಡಿ ಮುರಿದ ಕಾಲು ಎಂದು ಹೇಳಿದೆ. ಯಾರ ಕಾಲು ಎಂಬುದನ್ನೂ ಹೇಳಿದೆ. ಅವರ ಹಿಂದಿದ್ದವರು ಕೇಳಿದರು, ಅವರಿಗೂ ಹೇಳಿದೆ.