ಕೋರಿಯ ಅರೆಗಲ್ಲು

ನಾನು ಒಂದು ಅರೆಗಲ್ಲು. ಕರಿಯ ಮೈ, ನಡುವೆ ತಗ್ಗು. ತುಂಗಭದ್ರೆಯ ದಂಡೆಯ ಗುಡ್ಡವೊಂದರಿಂದ ಉರುಳಿ ಬಿದ್ದಾಗ ನನ್ನ ಬೆನ್ನು ಚಪ್ಪಟೆಯಾಗಿತ್ತು. ಈ ತಗ್ಗೆಲ್ಲ ಆಮೇಲೆ ಹೆಂಗಸರ ಕೈ ಸವೆಸಿದ್ದು.

ಮೊದಲು ಬಂದವರು ಅಲೆಯುವ ಮಂದಿ. ಗೆಡ್ಡೆ ಅಗೆದು, ಕಾಡುಹುಲ್ಲಿನ ಕಾಳು ಉದುರಿಸಿ ತಂದು ನನ್ನ ಮೇಲೆ ಅರೆಯುತ್ತಿದ್ದರು. ಹೊರಡುವಾಗ ನನ್ನನ್ನು ಹೊರುವವರು ಯಾರು! ಬೋರಲು ಹಾಕಿ ಹೋಗುತ್ತಿದ್ದರು. ಅವರ ಹಿಂದೆ ಬಂದವರು ಮಗುಚಿಕೊಂಡು, ಕೂತು, ಅರೆದು ತಿನ್ನುತ್ತಿದ್ದರು. ಯಾರ ಕಲ್ಲು ಎಂದು ಒಬ್ಬರೂ ಕೇಳಲಿಲ್ಲ. ಹಾಗಂತ ಅವರೇನು ದೇವರಂಥವರು ಎಂದುಕೊಳ್ಳಬೇಡಿ. ಬೇಟೆಯ ತೊಡೆಗಾಗಿ ಜುಟ್ಟು ಹಿಡಿದು ಜಗಳವಾಡುತ್ತಿದ್ದರು. ಆದರೆ ಬೇಯಿಸುವ ಬೆಂಕಿ ಎಲ್ಲರಿಗೂ ಒಂದೇ ಇತ್ತು.

ಅವರಲ್ಲೊಬ್ಬಳು ಕೋರಿ. ಬಸುರಿಯಾಗಿ ನಡೆಯಲಾಗದೆ ಗಂಡನೊಡನೆ ನನ್ನ ಹತ್ತಿರವೇ ಉಳಿದಳು. ಉದುರಿದ ಹುರುಳಿ ಮೊಳೆತದ್ದು ಕಂಡು ಮರುವರ್ಷ ತಾನೇ ಬಿತ್ತಿದಳು. ನನ್ನ ಸುತ್ತ ಗುಡಿಸಲು ಎದ್ದಿತು. ಅಬ್ಬಾ, ಮೊದಲ ಸಲ ನೆತ್ತಿಯ ಮೇಲೆ ಸೂರು! ನಾನು ಬೀಗಿಹೋದೆ.

ಒಂದು ವರ್ಷ ಕಾಡೆಲ್ಲ ಒಣಗಿತು. ಕೋರಿಯ ಅಕ್ಕ ಕೆಂಚಿ, ಸೊರಗಿದ ಮಗಳ ಕೈಹಿಡಿದು ಬಂದಳು. ಹಳೆಯ ರೂಢಿಯಂತೆ ಯಾರನ್ನೂ ಕೇಳದೆ ನನ್ನ ಮುಂದೆ ಕೂತು, ಮೂಲೆಯ ಗಡಿಗೆಗೆ ಕೈ ಹಾಕಿದಳು. ಅದು ಬಿತ್ತನೆಗೆಂದು ಇಟ್ಟ ಬೀಜ. ಅಲೆಯುವವಳಿಗೆ ಅದೆಲ್ಲಿ ಗೊತ್ತು? ಕಾಳೆಂದರೆ ತಿನ್ನುವುದು ಎಂದಷ್ಟೇ ಬಲ್ಲಳು.

ಕೋರಿ ನನ್ನ ಮೇಲೆ ಅಂಗೈ ಊರಿದಳು. ಅವರ ಮಾತು ಬೇರೆಯಿತ್ತು. ನಿಮಗೆ ತಿಳಿಯಲೆಂದು ಈ ಸೀಮೆಯ ಈಗಿನ ಮಾತಿನಲ್ಲೇ ಹೇಳುತ್ತೇನೆ.

“ಬ್ಯಾಡಕ್ಕ. ಇದು ನಂದು.”

“ಕಲ್ಲು ನಿಂದು ಹೆಂಗಾತವ್ವ?” ಕೆಂಚಿಗೆ ನಿಜಕ್ಕೂ ಅರ್ಥವಾಗಲಿಲ್ಲ. “ಕೂಸು ಹಸದೈತಿ, ನೋಡು.”

“ಈ ಬೀಜ ತಿಂದ್ರ ಮುಂದಿನ ವರ್ಷ ನನ್ನ ಕೂಸೂ ಹಸೀತೈತಿ.”

ಇಬ್ಬರದೂ ನಿಜವೇ. ನನಗೆ ಸಂಕಟವಾದದ್ದು ಅದಕ್ಕೇ. ಕೊನೆಗೆ ಕೋರಿಯೇ ಒಂದು ದಾರಿ ಹುಡುಕಿದಳು.

“ಹುಡುಗಿನ್ನ ಇಲ್ಲೇ ಬಿಡು. ಒಂದು ತುತ್ತು ಹಾಕ್ತೀನಿ. ಅರೆಯಾಕ ನನಗೂ ಒಂದು ಕೈ ಆಕೈತಿ.”

ಕೆಂಚಿ ಅಳುತ್ತಲೇ ಹೋದಳು. ಹುಡುಗಿ ಬದುಕಿದಳು. ದಿನವೂ ಅರೆದಳು, ಮನೆಯವರು ಉಂಡೆದ್ದ ಮೇಲೆ ಉಂಡಳು.

ಆಮೇಲೆ ಗುಡಿಸಲು ಹಟ್ಟಿಯಾಯಿತು, ಹಟ್ಟಿ ಊರಾಯಿತು. ಕಬ್ಬಿಣ ಬಂತು, ಬೇಲಿ ಬಂತು, ಗೌಡ ಬಂದ, ಅರಸ ಬಂದ. ಅರಸನ ದಂಡು ಬಂದರೆ ಅರೆಯುವವರಿಗೆ ನಿದ್ದೆಯಿಲ್ಲ. ಎಷ್ಟೋ ಮನೆ ಸುತ್ತಿದೆ, ಎಷ್ಟೋ ಕೈ ಕಂಡೆ. ಅರೆಯುವ ಕೈ ಒಬ್ಬರದು, ಮೊದಲು ಉಣ್ಣುವ ಬಾಯಿ ಇನ್ನೊಬ್ಬರದು. ಅದೊಂದು ಬದಲಾಗಲೇ ಇಲ್ಲ. ಗಿರಣಿ ಬಂತು, ಮಿಕ್ಸಿ ಬಂತು. ನಾನು ಹಿತ್ತಲು ಸೇರಿದೆ.

ಈಗ ರೆಸಾರ್ಟೊಂದರ ಅಂಗಳದಲ್ಲಿದ್ದೇನೆ. ತಗ್ಗಿನಲ್ಲಿ ನೀರು, ನೀರಿನ ಮೇಲೆ ದಾಸವಾಳ. ಬಂದವರು ಫೋಟೊ ತೆಗೆದುಕೊಳ್ಳುತ್ತಾರೆ. ಈ ವಯಸ್ಸಿನಲ್ಲಿ ನನಗಿದು ಬೇಕಿತ್ತೆ? ಕಸ ಗುಡಿಸುವ ಯಂಕವ್ವ ದಿನಾ ನೀರು ಬದಲಿಸುತ್ತಾಳೆ. ಮೊನ್ನೆ ಮಧ್ಯಾಹ್ನ ಅವಳು ಹೂ ಎತ್ತಿಟ್ಟು, ನನ್ನನ್ನು ತಿಕ್ಕಿ ತೊಳೆದು, ಹೊಳೆಯ ಗುಂಡುಕಲ್ಲು ಹಿಡಿದು ತನ್ನ ಬುತ್ತಿಯ ರೊಟ್ಟಿಗೆ ಹಸಿಮೆಣಸಿನಕಾಯಿ, ಶೇಂಗಾ ಅರೆದಳು. ಎಷ್ಟು ಕಾಲದ ಮೇಲೆ ಖಾರ ತಾಗಿತು! ಮೈಯೆಲ್ಲ ಝುಮ್ಮೆಂದಿತು.

ಅಷ್ಟರಲ್ಲಿ ಮ್ಯಾನೇಜರ್ ಬಂದ. ಇವಳ ಕೆಲಸ ಹೋಯಿತೆಂದೇ ನಾನು ಹೆದರಿದೆ.

“ಏನಿದು ಯಂಕವ್ವ? ಇದು ರೆಸಾರ್ಟಿಂದು, ನಿಂದಲ್ಲ.”

ಯಂಕವ್ವ ಎದ್ದು ನಿಂತಳು. ಆದರೆ ನಮ್ಮ ಸೀಮೆಯಲ್ಲಿ ಬುತ್ತಿ ಬಿಚ್ಚಿದ ಮೇಲೆ ಎದುರಿಗೆ ಬಂದವರನ್ನು ಕರೆಯದೆ ತುತ್ತು ಎತ್ತುವುದಿಲ್ಲ. ಬೈಯಲು ಬಂದವರಾದರೂ ಸರಿ.

“ಹೌದ್ರಿ ಸರ, ನಂದಲ್ಲ. ಬರ್ರಿ, ಊಟ ಮಾಡೂಣು.”

ಅವನು ಅತಿಥಿಗಳ ಕೋಣೆಗಳತ್ತ ಒಮ್ಮೆ ನೋಡಿದ. ಆಮೇಲೆ ಬೂಟು ಕಳಚಿ ನೆಲದ ಮೇಲೆ ಕೂತ. ಯಂಕವ್ವ ರೊಟ್ಟಿ ಮುಂದೆ ಹಿಡಿದಳು.

ನಾಳೆ ಅವನು ಮತ್ತೆ ಮ್ಯಾನೇಜರ್, ಅವಳ ಕೈಗೆ ಮತ್ತೆ ಕಸಬರಿಗೆ. ಅಷ್ಟೂ ತಿಳಿಯದಷ್ಟು ಎಳೆಯ ಕಲ್ಲು ನಾನಲ್ಲ. ಆದರೂ ಅವನು ಅಂದ ಮಾತನ್ನು ಕೇಳುವುದಕ್ಕೇ ಇಷ್ಟು ಕಾಲ ಸವೆದೆನೋ ಏನೋ.

“ಅರದಾಕಿ ನೀ. ಮೊದಲ ನೀ ತಿನ್ನವ್ವ.”